ಬೇಸ್‌ಬಾಲ್ ಅಂಪೈರ್‌ಗೆ ಯಂತ್ರ ನೆರವಾಗಬೇಕೋ, ಅವನ ಜಾಗಕ್ಕೇ ಬರಬೇಕೋ? ನಮ್ಮ ಟೂರ್ನಿಗೂ ಉತ್ತರ ಬೇಕಾಗಿದೆ

ಉದ್ಯಮಬಾಗ ಅಂಪೈರ್, ಬೆಳಗಾವಿ (ಪ್ರಶ್ನೆ)

ವಾರವಿಡೀ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಮಾಲು ತಪಾಸಣೆ, ರವಿವಾರ ಮೈದಾನದಲ್ಲಿ ಅಂಪೈರಿಂಗ್. ಎರಡೂ ಕಡೆ ನಾನು ಹೇಳುವ ಮಾತು ಒಂದೇ: ಒಳಗೋ, ಹೊರಗೋ. ತಿರಸ್ಕರಿಸಿದ ಕಾಸ್ಟಿಂಗ್ ತಿರುಗಿ ಬಯ್ಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಕ್ಕನ ಮಗ ಡೆಟ್ರಾಯ್ಟ್‌ನಲ್ಲಿದ್ದಾನೆ. ಅಲ್ಲಿಗೆ ಹೋದ ಮೇಲೆ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಮೊನ್ನೆ ಫೋನ್ ಮಾಡಿ, ‘ಮಾಮಾ, ನಿಮ್ಮವರ ಕಾಲ ಮುಗಿಯಿತು ನೋಡಿ’ ಎಂದ. ಸಂಗತಿ ಏನೆಂದರೆ, 2026ರ ಋತುವಿನಿಂದ ಅಮೆರಿಕದ ಮೇಜರ್ ಲೀಗ್‌ನಲ್ಲಿ ಅಂಪೈರ್ ಕೊಟ್ಟ ಸ್ಟ್ರೈಕ್ ಅಥವಾ ಬಾಲ್ ತೀರ್ಪನ್ನು ಆಟಗಾರ ಪ್ರಶ್ನಿಸಬಹುದು, ಕ್ಯಾಮೆರಾ ಅದಕ್ಕೆ ಉತ್ತರ ಕೊಡುತ್ತದೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನೆಲದಲ್ಲಿ ಹೋಮ್ ಪ್ಲೇಟ್ ಎಂಬ 17 ಇಂಚು ಅಗಲದ ಬಿಳಿ ರಬ್ಬರ್ ಹಲಗೆ ಇರುತ್ತದೆ. ಅದರ ಮೇಲೆ, ಬ್ಯಾಟರ್‌ನ ಮಂಡಿಯಿಂದ ಎದೆಯ ಕೆಳಭಾಗದವರೆಗೆ, ಕಣ್ಣಿಗೆ ಕಾಣದ ಒಂದು ವಲಯ. ಚೆಂಡು ಅದರಲ್ಲಿ ಹಾದುಹೋದಾಗ ಬ್ಯಾಟರ್ ಸುಮ್ಮನೆ ನಿಂತಿದ್ದರೆ ಸ್ಟ್ರೈಕ್. ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಮೊದಲ ಬೇಸ್ ಪುಕ್ಕಟೆ. ಚೆಂಡು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ಚೆಂಡು ಎಸೆಯುವ ಪಿಚರ್‌ನ ಕೈಬಿಟ್ಟು ಪ್ಲೇಟ್ ತಲುಪಲು ಅರ್ಧ ಸೆಕೆಂಡೂ ಬೇಡ. ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯಲು ಕೂರುವ ಕ್ಯಾಚರ್‌ನ ಬೆನ್ನ ಹಿಂದೆ ಬಗ್ಗಿ ನಿಂತ ಅಂಪೈರ್ ಒಂದು ಪಂದ್ಯದಲ್ಲಿ ನೂರಕ್ಕೂ ಹೆಚ್ಚು ಸಲ ಈ ತೀರ್ಪು ಕೊಡಬೇಕು.

ಹೊಸ ಪದ್ಧತಿಯಲ್ಲಿ ತಂಡಕ್ಕೆ ಎರಡು ಅವಕಾಶ. ಪ್ರಶ್ನೆ ಸರಿಯಾಗಿದ್ದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಹೋಗುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ತೀರ್ಪು ಬಂದ ಕೂಡಲೇ ತಲೆಯ ಮೇಲಿನ ಟೋಪಿಯನ್ನೋ ಹೆಲ್ಮೆಟ್ಟನ್ನೋ ತಟ್ಟಬೇಕು. ಹೊರಗೆ ಕುಳಿತ ಕೋಚ್ ಸನ್ನೆ ಮಾಡುವ ಹಾಗಿಲ್ಲ. 12 ಕ್ಯಾಮೆರಾಗಳ ಹಾಕ್‌ಐ ವ್ಯವಸ್ಥೆ ಚೆಂಡಿನ ಜಾಡನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತದೆ. 2025ರ ವಸಂತಕಾಲದ ಅಭ್ಯಾಸ ಪಂದ್ಯಗಳಲ್ಲಿ ಪರೀಕ್ಷಿಸಿದಾಗ ಒಂದೊಂದು ಪ್ರಶ್ನೆಗೂ ಸರಾಸರಿ 14 ಸೆಕೆಂಡು ಹಿಡಿದಿತ್ತು.

ಅಳಿಯನ ವಾದ ಇಷ್ಟು: ‘ಪ್ರತಿಯೊಂದು ಚೆಂಡೂ ಎಲ್ಲಿ ಹೋಯಿತೆಂದು ಯಂತ್ರಕ್ಕೆ ಗೊತ್ತಿದೆ. ಗೊತ್ತಿದ್ದೂ ಯಾರಾದರೂ ಕೇಳುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ? ಎಲ್ಲ ಚೆಂಡನ್ನೂ ಅದೇ ಹೇಳಲಿ.’ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ.

ಇದೇ ಪ್ರಶ್ನೆ ಈಗ ನನ್ನ ಮನೆ ಬಾಗಿಲಿಗೂ ಬಂದಿದೆ. ಹೋದ ವರ್ಷ ನಮ್ಮ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯ ಫೈನಲ್‌ನಲ್ಲಿ ಒಂದು ರನ್‌ಔಟ್ ಕೊಟ್ಟೆ. ಲೆಗ್ ಅಂಪೈರ್ ಜಾಗದಲ್ಲಿ, ಕ್ರೀಸಿಗೆ ಸರಿಯಾಗಿ ನೇರದಲ್ಲಿ ನಿಂತಿದ್ದೆ. ಬೇಲ್ಸ್ ಹಾರಿದಾಗ ಬ್ಯಾಟಿನ ತುದಿ ಸುಣ್ಣದ ಮೇಲಿತ್ತು, ಸುಣ್ಣದ ಆಚೆ ಇರಲಿಲ್ಲ. ಮುಂದಿನ ಚೆಂಡು ಬೀಳುವ ಮೊದಲೇ ಸೋಲುತ್ತಿದ್ದ ತಂಡದವರು ಪೆಂಡಾಲ್ ಕಡೆಯಿಂದ ಮೊಬೈಲ್ ಹಿಡಿದು ಮೈದಾನಕ್ಕೆ ನುಗ್ಗಿದರು. ಯೂಟ್ಯೂಬ್ ನೇರಪ್ರಸಾರದ ವಿಡಿಯೊ. ಅದರಲ್ಲಿ ಬ್ಯಾಟ್ ಆರಾಮವಾಗಿ ಗೆರೆ ದಾಟಿದೆ! ಕ್ಯಾಮೆರಾ ಎಲ್ಲಿತ್ತು ಗೊತ್ತೇ? ಪೆಂಡಾಲಿನ ಮೂಲೆಯ ಕಂಬಕ್ಕೆ ಕಟ್ಟಿದ್ದರು, ಕ್ರೀಸಿಗೆ ಪೂರ್ತಿ ಓರೆಯಾಗಿ. ಅಲ್ಲಿಂದ ನೋಡಿದರೆ ನನ್ನ ಚಪ್ಪಲಿಯೂ ಗೆರೆಯ ಒಳಗೇ ಇತ್ತು.

ಈ ವರ್ಷ ಸಮಿತಿಯವರು ಎರಡು ಫೋನ್ ನಿಲ್ಲಿಸಿ ರಿವ್ಯೂ ಕೊಡೋಣ ಎನ್ನುತ್ತಿದ್ದಾರೆ. ಒಬ್ಬರಂತೂ ಲೆಗ್ ಅಂಪೈರ್ ಖರ್ಚನ್ನೇ ಉಳಿಸಬಹುದು ಎಂದರು. ಅಲ್ಲಿಯದಕ್ಕೂ ಇಲ್ಲಿಯದಕ್ಕೂ ನಿಮ್ಮ ಅಭಿಪ್ರಾಯ ಬೇಕು.

ಗುಮ್ಮಟನಗರಿ ಆರ್‌ಸಿಬಿ, ವಿಜಯಪುರ

ಸಾಹೇಬರೇ, ಇದರಲ್ಲಿ ಕೇಳುವುದೇನಿದೆ? ಯಂತ್ರ ತನ್ನಿ, ಅಂಪೈರ್‌ಗೆ ನೆರಳಿನಲ್ಲಿ ಕುರ್ಚಿ ಹಾಕಿ ಚಹಾ ಕೊಡಿ.

ಜನವರಿ 2019, ಚಿನ್ನಸ್ವಾಮಿ ಕ್ರೀಡಾಂಗಣ, ರಣಜಿ ಸೆಮಿಫೈನಲ್. ಸೌರಾಷ್ಟ್ರದ ಪೂಜಾರ ಎರಡೂ ಇನಿಂಗ್ಸ್‌ನಲ್ಲಿ ಬ್ಯಾಟಿಗೆ ತಾಗಿಸಿ ಕೀಪರ್ ಕೈಗೆ ಕೊಟ್ಟಂತೆ ಟಿವಿಯಲ್ಲಿ ಇಡೀ ನಾಡಿಗೆ ಕಂಡಿತು, ಅಂಪೈರ್‌ಗೆ ಕಾಣಲಿಲ್ಲ. ಎರಡನೆಯ ಇನಿಂಗ್ಸ್‌ನಲ್ಲಿ ಅಜೇಯ 131. ಕರ್ನಾಟಕ ಮನೆಗೆ. ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡಿ ಎಂದು ಕೇಳುವ ಡಿಆರ್‌ಎಸ್ ರಣಜಿಯಲ್ಲಿ ಆಗ ಇರಲಿಲ್ಲ. ಮುಂದಿನ ಋತುವಿನ ಸೆಮಿಫೈನಲ್‌ಗಳಿಗೆ ತಂದರು, ಅದೂ ಹಾಕ್‌ಐ ಇಲ್ಲದ, ಬ್ಯಾಟಿಗೆ ಚೆಂಡು ತಾಗಿದ ಸದ್ದು ಹಿಡಿಯುವ ಅಲ್ಟ್ರಾಎಡ್ಜ್ ಇಲ್ಲದ ಅರೆಬರೆ ಡಿಆರ್‌ಎಸ್. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ‘ಮನುಷ್ಯನ ಸೊಗಸು’, ‘ಆಟದ ಪರಂಪರೆ’ ಎಂದು ಯಾರಾದರೂ ಶುರು ಮಾಡಿದರೆ ಅವರಿಗೆ ಆ ಸ್ಕೋರ್‌ಕಾರ್ಡ್ ಕಳುಹಿಸುತ್ತೇನೆ.

ಉದ್ಯಮಬಾಗ ಅಂಪೈರ್

ಪೂಜಾರ ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ. ಆದರೆ ಯಂತ್ರ ಬಂದರೆ ಜಗಳ ಮುಗಿಯುತ್ತದೆ ಎನ್ನುವ ನಂಬಿಕೆ ಬೇಡ. 2024ರ ಏಪ್ರಿಲ್ 21, ಈಡನ್ ಗಾರ್ಡನ್ಸ್ ನೆನಪಿದೆಯಲ್ಲವೇ? ಹರ್ಷಿತ್ ರಾಣಾ ಎಸೆದ ಎತ್ತರದ ಫುಲ್‌ಟಾಸ್, ಕೊಹ್ಲಿ ಔಟ್. ಫುಲ್‌ಟಾಸ್ ಸೊಂಟಕ್ಕಿಂತ ಮೇಲಿದ್ದರೆ ನೋಬಾಲ್. ಕ್ರೀಸಿನಲ್ಲಿ ನೆಟ್ಟಗೆ ನಿಂತಾಗ ಕೊಹ್ಲಿಯ ಸೊಂಟದ ಎತ್ತರ 1.04 ಮೀಟರ್ ಎಂದು ಮೊದಲೇ ಅಳೆದಿಟ್ಟಿದ್ದರು. ಚೆಂಡು ಕ್ರೀಸ್ ತಲುಪುವಾಗ 0.92 ಮೀಟರ್‌ಗೆ ಇಳಿದಿರುತ್ತಿತ್ತು ಎಂದು ಹಾಕ್‌ಐ ಹೇಳಿತು. ಲೆಕ್ಕ ಚುಕ್ತಾ. ಕೊಹ್ಲಿ ಸುಮ್ಮನಾದರೇ? ನೀವು ಸುಮ್ಮನಾದಿರೇ? ನಿಮ್ಮ ಆರ್‌ಸಿಬಿಗೆ ಪಂದ್ಯ ಒಂದೇ ರನ್ನಿನಿಂದ ಹೋಯಿತು.

ಗುಮ್ಮಟನಗರಿ ಆರ್‌ಸಿಬಿ

ಅದು ನೋಬಾಲ್.

ನವನಗರ ಮಾಸ್ತರ, ಬಾಗಲಕೋಟೆ

ಮೇಲಿನ ಉತ್ತರವೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ, ಅಂಪೈರ್ ಸಾಹೇಬರೇ.

ನಾನು ದೈಹಿಕ ಶಿಕ್ಷಕ. ವಲಯ ಮಟ್ಟದ ಕಬಡ್ಡಿಯಿಂದ ಹಿಡಿದು ಖೊಖೊವರೆಗೆ ಸೀಟಿ ಊದುವವನು. ನಿಮ್ಮ ಅಳಿಯ ಡೆಟ್ರಾಯ್ಟ್‌ನಲ್ಲಿದ್ದರೆ ಅಲ್ಲಿಯದೇ ಒಂದು ಪಂದ್ಯದ ಬಗ್ಗೆ ಕೇಳಿ. 2010ರ ಜೂನ್ 2. ಡೆಟ್ರಾಯ್ಟ್ ತಂಡದ ಪಿಚರ್ ಅರ್ಮಾಂಡೊ ಗಲರಾಗ ಕ್ಲೀವ್‌ಲ್ಯಾಂಡ್‌ನ 26 ಬ್ಯಾಟರ್‌ಗಳನ್ನು ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ‘ಪರ್ಫೆಕ್ಟ್ ಗೇಮ್’, ನೂರಾರು ಪಿಚರ್‌ಗಳ ಜೀವಮಾನದಲ್ಲಿ ಒಮ್ಮೆಯೂ ಬಾರದ ಸಾಧನೆ. 27ನೆಯವನು ಮೊದಲ ಬೇಸ್ ಮುಟ್ಟುವ ಮೊದಲೇ ಚೆಂಡು ಬಂದಿತ್ತು. ಅಂಪೈರ್ ಜಿಮ್ ಜಾಯ್ಸ್ ಸೇಫ್ ಎಂದು ಕೈ ಬೀಸಿದರು. ಆಗ ರಿಪ್ಲೇ ನೋಡುವ ಅವಕಾಶ, ಚೆಂಡನ್ನು ಮೈದಾನದಾಚೆ ಹೊಡೆಯುವ ಹೋಮ್ ರನ್ ತೀರ್ಪುಗಳಿಗೆ ಮಾತ್ರ ಇತ್ತು. ಪಂದ್ಯದ ನಂತರ ವಿಡಿಯೊ ನೋಡಿದ ಜಾಯ್ಸ್ ತಾವು ತಪ್ಪಿದ್ದಾಗಿ ಎಲ್ಲರೆದುರು ಹೇಳಿದರು. ಮರುದಿನ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ತಂಡದವರು ಗಲರಾಗನನ್ನೇ ಕಳುಹಿಸಿದರು. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಾ ಪಟ್ಟಿ ತೆಗೆದುಕೊಂಡರು.

ಜನ ಇದನ್ನು ಕ್ರೀಡಾ ಮನೋಭಾವದ ಕಥೆಯಾಗಿ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಅಂಥ ಒಂದು ಕ್ಷಣದ ಭಾರವನ್ನು ಒಬ್ಬ ಮನುಷ್ಯ ಜನ್ಮಪೂರ್ತಿ ಹೊರಬೇಕಾಗಿರಲಿಲ್ಲ. 2014ರಿಂದ ಮೇಜರ್ ಲೀಗ್‌ನಲ್ಲಿ ಇಂಥ ತೀರ್ಪುಗಳಿಗೂ ರಿಪ್ಲೇ ಇದೆ. ಯಂತ್ರದ ನೆರವು ಮೊದಲು ತಲುಪುವುದು ಅಂಪೈರ್‌ಗೇ ಎನ್ನುವುದನ್ನು ನಾವು ಸೀಟಿಯವರು ಒಪ್ಪಿಕೊಳ್ಳಬೇಕು.

ಆದರೆ ಪೂರ್ತಿ ಬದಲಿ ಬೇಡ. ಮೇಜರ್ ಲೀಗ್‌ಗೆ ಬರುವ ಅಂಪೈರ್‌ಗಳು ಕೆಳಗಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಬೆವರು ಹರಿಸಿ ಮೇಲೆ ಬಂದವರು. ಮೇಲೆ ಕುರ್ಚಿಯೇ ಇಲ್ಲ ಎಂದಾದರೆ ಕೆಳಗೆ ಕಲಿಯುವವನು ಯಾರು? ಕ್ಯಾಮೆರಾ ತಾಲೂಕು ಮಟ್ಟಕ್ಕೆ ಬರುವುದಿಲ್ಲ, ಮಾಸ್ತರನೇ ಬರಬೇಕು. ಈಗಲೇ ನಮ್ಮ ಜಿಲ್ಲೆಯಲ್ಲಿ ಸೀಟಿ ಹಿಡಿಯಲು ಹುಡುಗರು ಸಿಗುವುದಿಲ್ಲ. ಸಿಕ್ಕವನು ಒಂದು ಪಂದ್ಯ ಮುಗಿಸಿ, ಬೈಗುಳ ತಿಂದು, ಮರುದಿನ ಫೋನ್ ಎತ್ತುವುದಿಲ್ಲ.

ಇನ್ನೊಂದು ಮಾತು, ವಿಷಯ ಬಿಟ್ಟು ಹೋದರೂ ಹೇಳಿಬಿಡುತ್ತೇನೆ. 1999ರ ಫೆಬ್ರುವರಿಯಲ್ಲಿ ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದಾಗ ಆ ತುದಿಯಲ್ಲಿ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್, ನಮ್ಮ ಕರ್ನಾಟಕದವರೇ. ಬೌಲರ್ ಎಲ್ಲರಿಗೂ ನೆನಪಿದ್ದಾರೆ.

ಟಿಳಕವಾಡಿ ಕೀಪರ್, ಬೆಳಗಾವಿ

ನನಗೆ ಬೇಸ್‌ಬಾಲ್‌ನಲ್ಲಿ ಇಷ್ಟವಾಗುವುದೇ ಕ್ಯಾಚರ್. ವಲಯದ ಅಂಚಿನಿಂದ ಎರಡು ಬೆರಳು ಹೊರಗೆ ಬಂದ ಚೆಂಡನ್ನು ಹಿಡಿಯುವಾಗಲೇ ಕೈಗವಸನ್ನು ನಯವಾಗಿ ಒಳಕ್ಕೆ ಎಳೆದು ನಿಲ್ಲಿಸುತ್ತಾನೆ. ಹಿಂದೆ ನಿಂತ ಅಂಪೈರ್‌ಗೆ ಚೆಂಡು ಅಲ್ಲಿಗೇ ಬಂದಂತೆ ಕಾಣಬೇಕು. ಫ್ರೇಮಿಂಗ್ ಎನ್ನುತ್ತಾರೆ. ಇದರಲ್ಲಿ ಪಳಗಿದವನು ಬ್ಯಾಟಿಂಗ್‌ನಲ್ಲಿ ಸೊನ್ನೆಯಾದರೂ ತಂಡದಲ್ಲಿ ಉಳಿಯುತ್ತಾನೆ. ಮೋಸ ಎನ್ನಬೇಡಿ, ಲೆಗ್ ಸೈಡಿನ ಚೆಂಡಿಗೆ ಎರಡೂ ಕೈ ಎತ್ತಿ ಕಿರುಚುವ ನಾವೇನು ಹರಿಶ್ಚಂದ್ರರೇ?

ಪ್ರತಿ ಚೆಂಡನ್ನೂ ಯಂತ್ರವೇ ಹೇಳಿದರೆ ಈ ಕಸುಬು ಅಂದೇ ಸತ್ತಿತು. ಎರಡೇ ಪ್ರಶ್ನೆಯ ಪದ್ಧತಿಯಲ್ಲಿ ಬದುಕುತ್ತದೆ, ಸ್ವಲ್ಪ ಹೆದರಿಕೊಂಡು. ಮಜಾ ಏನೆಂದರೆ 2025ರ ಆ ಅಭ್ಯಾಸ ಪಂದ್ಯಗಳಲ್ಲಿ ಒಟ್ಟು ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸರಿಯಾದವು. ಮೂವರಲ್ಲಿ ಹೆಚ್ಚು ಸರಿ ಕೇಳಿದವರು ಕ್ಯಾಚರ್‌ಗಳು, ಹೆಚ್ಚು ತಪ್ಪಿದವರು ಪಿಚರ್‌ಗಳು. ಬೌಲರ್ ಮಾತು ಕೇಳಿ ರಿವ್ಯೂ ಕಳೆದ ನಾಯಕರು ಇಲ್ಲಿ ಎಷ್ಟು ಜನ ಇದ್ದೀರಿ?

ಮಚ್ಛೆ ಇಂಜಿನಿಯರ್, ಬೆಳಗಾವಿ

ತಾಂತ್ರಿಕ ಭಾಗ ಮಾತ್ರ ಹೇಳುತ್ತೇನೆ.

ಹಾಕ್‌ಐ ಚೆಂಡನ್ನು ‘ನೋಡುವುದು’ ಒಂದು ಕ್ಯಾಮೆರಾದಿಂದ ಅಲ್ಲ. ಬೇರೆ ಬೇರೆ ಕೋನದ ಚಿತ್ರಗಳನ್ನು ಸೇರಿಸಿ ಚೆಂಡು ಆಕಾಶದಲ್ಲಿ ಎಲ್ಲಿತ್ತೆಂದು ಲೆಕ್ಕ ಹಾಕುತ್ತದೆ. ಬಹಳ ನಿಖರ, ಆದರೂ ಕೈಕೊಟ್ಟಿದ್ದಿದೆ. 2020ರ ಜೂನ್‌ನಲ್ಲಿ ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಫುಟ್‌ಬಾಲ್ ಪಂದ್ಯದಲ್ಲಿ ಗೋಲ್‌ಕೀಪರ್ ಚೆಂಡನ್ನು ಹಿಡಿದುಕೊಂಡೇ ಗೆರೆಯ ಹಿಂದಕ್ಕೆ ಹೋದ. ಸುತ್ತ ಆಟಗಾರರು, ಗೋಲ್ ಕಂಬ ಎಲ್ಲ ಅಡ್ಡ ಬಂದು ಕ್ಯಾಮೆರಾಗಳಿಗೆ ಚೆಂಡು ಕಾಣಲಿಲ್ಲ; ಗೋಲಾದರೆ ಮಿಡಿಯಬೇಕಾದ ರೆಫರಿಯ ಕೈಗಡಿಯಾರ ಮಿಡಿಯಲಿಲ್ಲ, ಗೋಲೂ ಇಲ್ಲ. ವಿಂಬಲ್ಡನ್ ಟೆನಿಸ್‌ನವರು 2025ರಲ್ಲಿ ಗೆರೆ ಕಾಯುವವರನ್ನೆಲ್ಲ ಮನೆಗೆ ಕಳುಹಿಸಿದರು. ಆ ವರ್ಷವೇ ಸೆಂಟರ್ ಕೋರ್ಟ್‌ನಲ್ಲಿ ಪಾವ್ಲ್ಯುಚೆಂಕೋವಾ ಪಂದ್ಯದ ನಡುವೆ ಯಾರೋ ಅಂಗಳದ ಒಂದು ಭಾಗದ ವ್ಯವಸ್ಥೆಯನ್ನು ಆರಿಸಿಬಿಟ್ಟಿದ್ದರು. ಚೆಂಡು ಹೊರಗೆ ಬಿತ್ತು, ಯಂತ್ರ ಮೌನ. ಕುರ್ಚಿಯಲ್ಲಿದ್ದ ಅಂಪೈರ್ ಆಟ ನಿಲ್ಲಿಸಿ, ಕೊನೆಗೆ ಆ ಪಾಯಿಂಟನ್ನೇ ಮತ್ತೆ ಆಡಿಸಿದರು.

ಈಗ ನಿಮ್ಮ ಎರಡು ಫೋನ್. ಸಾಮಾನ್ಯ ವಿಡಿಯೊ ಎಂದರೆ ಸೆಕೆಂಡಿಗೆ 30 ಚಿತ್ರ. ಓಡುವ ಬ್ಯಾಟರ್ ಸೆಕೆಂಡಿಗೆ 6 ಮೀಟರ್ ಸಾಗಿದರೂ ಒಂದು ಚಿತ್ರದಿಂದ ಇನ್ನೊಂದಕ್ಕೆ 20 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಬೇಲ್ಸ್ ಹಾರಿದ್ದು ಆ ಎರಡರ ನಡುವೆ ಆದರೆ? ಹಾಗಾಗಿ ಸ್ಲೋಮೋಷನ್‌ನಲ್ಲೇ ಚಿತ್ರಿಸಬೇಕು. 240 ಚಿತ್ರ ಬರುವ ಫೋನ್ ಆದರೆ ಅಂತರ ಎರಡೂವರೆ ಸೆಂಟಿಮೀಟರ್‌ಗೆ ಇಳಿಯುತ್ತದೆ. ಫೋನ್ ಕ್ರೀಸಿನ ಗೆರೆಗೆ ನೂಲು ಹಿಡಿದಂತೆ ನೇರದಲ್ಲಿರಬೇಕು. ಗೆರೆಯ ಎರಡೂ ತುದಿಯ ಆಚೆ, ಆಟಗಾರರ ಕಾಲಿಗೆ ಸಿಗದ ದೂರದಲ್ಲಿ, ಒಂದೊಂದು ಗೂಟ ನೆಟ್ಟು ಎರಡೂ ಒಂದರ ಹಿಂದೆ ಒಂದು ಕಾಣುವಂತೆ ಫೋನ್ ಇಡಿ. ಸುಣ್ಣ ಅಳಿಸಿದರೂ ಗೂಟ ಅಳಿಸುವುದಿಲ್ಲ.

ಉದ್ಯಮಬಾಗ ಅಂಪೈರ್

ಇಂಜಿನಿಯರರೇ, ಗೂಟದ ಮಾತು ಬರೆದಿಟ್ಟುಕೊಂಡೆ. ಮಾಸ್ತರರೇ, ನಿಮ್ಮ ಮಾತು ಅಳಿಯನಿಗೆ ಓದಿ ಹೇಳಿದೆ. ಗಲರಾಗನ ಪಂದ್ಯ ಅವನಿಗೂ ಗೊತ್ತಿತ್ತು, ‘ಅದಕ್ಕೇ ಯಂತ್ರ ಬೇಕು ಎನ್ನುವುದು’ ಎಂದ.

ಅವನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಯಂತ್ರಕ್ಕೆ ಎಲ್ಲವೂ ಗೊತ್ತಿದೆ ಎನ್ನುತ್ತಾನಲ್ಲ, ಏನು ಗೊತ್ತಿದೆ? ಬೇಸ್‌ಬಾಲ್ ನಿಯಮದ ಪುಸ್ತಕದ ಪ್ರಕಾರ ವಲಯದ ಮೇಲಂಚು ಎಂದರೆ ಹೆಗಲಿಗೂ ಪ್ಯಾಂಟಿನ ಮೇಲಂಚಿಗೂ ನಡುಮಧ್ಯೆ. ಕೆಳಂಚು ಎಂದರೆ ಮಂಡಿಚಿಪ್ಪಿನ ಕೆಳಗಿನ ಗುಳಿ. ಅದೂ ಬ್ಯಾಟರ್ ಹೊಡೆಯಲು ಸಜ್ಜಾದ ಭಂಗಿಯಲ್ಲಿ. ಪ್ಯಾಂಟು ಎಲ್ಲಿ ಏರಿಸಿದ್ದಾನೆ, ಎಷ್ಟು ಬಗ್ಗಿದ್ದಾನೆ ಎಂದು ಕ್ಯಾಮೆರಾ ಪ್ರತಿ ಸಲ ಅಳೆಯುತ್ತ ಕೂರಲಾಗದು. ಅದಕ್ಕೆ ಯಂತ್ರಕ್ಕೆಂದೇ ಬೇರೆ ಚೌಕ ಬರೆದರು: ಮೇಲಂಚು ಬ್ಯಾಟರ್ ಎತ್ತರದ ಶೇ. 53.5, ಕೆಳಂಚು ಶೇ. 27, ಅಳೆಯುವುದು ಪ್ಲೇಟಿನ ನಟ್ಟನಡುವೆ. 6 ಅಡಿ 7 ಇಂಚಿನ ಬ್ಯಾಟರ್ ಆರನ್ ಜಡ್ಜ್‌ಗೆ ಇದು ನೆಲದಿಂದ ಸುಮಾರು 54ರಿಂದ 107 ಸೆಂಟಿಮೀಟರ್ ಆಗುತ್ತದೆ. ಅವನು ಕುಕ್ಕರಗಾಲಲ್ಲಿ ನಿಂತರೂ ಅಷ್ಟೇ, ನೆಟ್ಟಗೆ ನಿಂತರೂ ಅಷ್ಟೇ.

ಅಂಪೈರ್‌ಗಳು ದಶಕಗಳಿಂದ ನಡೆಸಿಕೊಂಡು ಬಂದ ವಲಯ ಇನ್ನೂ ಬೇರೆ. ಅದರ ಮೂಲೆಗಳು ದುಂಡಗೆ. ಬ್ಯಾಟರ್‌ಗೆ ಮೂರು ಬಾಲ್ ಆಗಿದ್ದಾಗ ತುಸು ಹಿಗ್ಗುತ್ತದೆ, ಎರಡು ಸ್ಟ್ರೈಕ್ ಆಗಿದ್ದಾಗ ತುಸು ಕುಗ್ಗುತ್ತದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಸೋಲುವವನ ಕಡೆ ಮನಸ್ಸು ವಾಲುತ್ತದೆ. ಅಂದರೆ ಇರುವುದು ಮೂರು ವಲಯ: ಪುಸ್ತಕದ್ದು, ಅಂಪೈರ್‌ನದು, ಯಂತ್ರದ್ದು. ನಮ್ಮ ಶಾಪಿನಲ್ಲಿ ಗೋ–ನೋಗೋ ಗೇಜ್ ಇದೆ. ಒಂದು ತುದಿ ರಂಧ್ರದೊಳಗೆ ಇಳಿಯಬೇಕು, ಇನ್ನೊಂದು ಇಳಿಯಬಾರದು. ಗೇಜ್ ಸುಳ್ಳು ಹೇಳುವುದಿಲ್ಲ. ಆದರೆ ರಂಧ್ರ ಎಷ್ಟಿರಬೇಕೆಂದು ತೀರ್ಮಾನಿಸಿದವನು ಡ್ರಾಯಿಂಗ್ ಬರೆದವನು. ಗಿರಾಕಿ ಒಪ್ಪಿ ಸಹಿ ಹಾಕಿದ ಡ್ರಾಯಿಂಗ್ ಇದ್ದರೆ ಗೇಜಿನ ಮಾತಿಗೆ ಎದುರಿಲ್ಲ. ಇಲ್ಲದಿದ್ದರೆ ಗೇಜ್ ಹಿಡಿದೇ ಹೊಡೆದಾಡುತ್ತಾರೆ. ಕೊಹ್ಲಿಯ ಸೊಂಟದ ವಿಷಯದಲ್ಲಿ ಆಗಿದ್ದು ಇದೇ. ಅಳತೆ ಆಗಿತ್ತು, ನಿಯಮ ಬದಲಾಗಿತ್ತು, ಆಟಗಾರನ ಮೈಗೆ ಅದು ಇನ್ನೂ ಒಗ್ಗಿರಲಿಲ್ಲ.

ಹಾಗೆಂದು ಬೇಸ್‌ಬಾಲ್‌ನವರ ಕೆಲಸ ಕ್ರಿಕೆಟ್‌ಗಿಂತ ಸುಲಭ ಎಂದೂ ಹೇಳಬೇಕು. ಎಲ್‌ಬಿಡಬ್ಲ್ಯು ತೀರ್ಪಿನಲ್ಲಿ ಚೆಂಡು ಪ್ಯಾಡಿಗೆ ಬಡಿದು ನಿಂತಿರುತ್ತದೆ. ಪ್ಯಾಡ್ ಇರದಿದ್ದರೆ ಎಲ್ಲಿಗೆ ಹೋಗುತ್ತಿತ್ತೆಂದು ಊಹಿಸಬೇಕು. ಆ ಊಹೆಗಾಗಿಯೇ ‘ಅಂಪೈರ್ಸ್ ಕಾಲ್’ ಇಟ್ಟಿದ್ದಾರೆ: ಚೆಂಡು ಸ್ಟಂಪಿನ ಅಂಚಿಗಷ್ಟೇ ತಾಗುವಂತೆ ಕಂಡರೆ ಅಂಪೈರ್ ಮೊದಲು ಕೊಟ್ಟ ತೀರ್ಪೇ ಉಳಿಯುತ್ತದೆ. 2021ರಲ್ಲಿ ಅದನ್ನು ಉಳಿಸಿಕೊಂಡ ಐಸಿಸಿ ಸಮಿತಿಯ ಅಧ್ಯಕ್ಷರು ಕುಂಬ್ಳೆ. ವಿಚಿತ್ರ ನೋಡಿ: 2008ರಲ್ಲಿ ಸಿಡ್ನಿಯಲ್ಲಿ ಅಂಪೈರ್ ತಪ್ಪುಗಳಿಂದ ಬೆಂದ ನಾಯಕರೂ ಅವರೇ, ಅದೇ ಜುಲೈಯಲ್ಲಿ ಶ್ರೀಲಂಕಾದಲ್ಲಿ ರಿವ್ಯೂ ಮೊದಲ ಬಾರಿ ಪ್ರಯೋಗವಾದಾಗ ನಾಯಕರೂ ಅವರೇ, ವರ್ಷಗಟ್ಟಲೆ ಬೇಡವೆಂದ ಭಾರತ 2016ರಲ್ಲಿ ರಾಜ್‌ಕೋಟ್‌ನಲ್ಲಿ ಒಪ್ಪಿಕೊಂಡಾಗ ಕೋಚ್ ಕೂಡ ಅವರೇ. ಬೇಸ್‌ಬಾಲ್‌ನಲ್ಲಿ ಊಹೆ ಇಲ್ಲ, ಚೆಂಡು ನಿಜವಾಗಿಯೂ ಆ ಜಾಗದಲ್ಲಿ ಹಾದುಹೋಗಿರುತ್ತದೆ. ಅದಕ್ಕೇ ಅವರ ಪದ್ಧತಿಯಲ್ಲಿ ಅಂಪೈರ್ಸ್ ಕಾಲ್ ಇಲ್ಲ. ಕೂದಲೆಳೆಯಷ್ಟು ತಾಗಿದರೂ ಸ್ಟ್ರೈಕ್.

ಇಷ್ಟಾದರೂ ನನ್ನ ಮತ ನೆರವಿಗೇ. ಕಾರಣ ಕ್ಯಾಮೆರಾ ಅಲ್ಲ, ಟೋಪಿ ತಟ್ಟುವ ನಿಯಮ. ಮೈದಾನದ ಒಳಗಿದ್ದವನು, ತಾನು ಕಂಡದ್ದನ್ನು ನಂಬಿ, ತಕ್ಷಣ ಕೇಳಬೇಕು. ತಪ್ಪಿದರೆ ಬೆಲೆ ತೆರಬೇಕು. ಪೆಂಡಾಲಿನಲ್ಲಿ ಕುಳಿತು ಮೂರು ಸಲ ವಿಡಿಯೊ ಹಿಂದೆಮುಂದೆ ಎಳೆದು ನೋಡಿ ಓಡಿ ಬರುವವರಿಗೆ ಅಲ್ಲಿ ಜಾಗವಿಲ್ಲ. ನಮ್ಮ ಮೈದಾನದ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಾಣುತ್ತಿಲ್ಲ.

ಸಮಿತಿಗೆ ಹೀಗೆ ಬರೆದುಕೊಡುತ್ತಿದ್ದೇನೆ. ರನ್‌ಔಟ್ ಮತ್ತು ಸ್ಟಂಪಿಂಗ್‌ಗೆ ಮಾತ್ರ ರಿವ್ಯೂ. ತಂಡಕ್ಕೆ ಒಂದು. ಕೇಳುವವರು ಔಟಾದ ಬ್ಯಾಟರ್, ಇಲ್ಲವೇ ಕೀಪರ್. ಲೆಗ್ ಅಂಪೈರ್ ಇದ್ದೇ ಇರುತ್ತಾನೆ. ಫೋನ್ ಕೈಕೊಟ್ಟರೆ ಅವನ ಮಾತೇ ಮಾತು. ಯೂಟ್ಯೂಬ್ ವಿಡಿಯೊ ಹಿಡಿದು ಮೈದಾನಕ್ಕೆ ಕಾಲಿಟ್ಟರೆ ಆ ತಂಡಕ್ಕೆ ಐದು ರನ್ ದಂಡ. ವೈಡ್ ಮತ್ತು ಸೊಂಟದ ನೋಬಾಲ್‌ಗೆ ರಿವ್ಯೂ ಕೊಡುವುದಿಲ್ಲ, ಏಕೆಂದರೆ ಯಾರ ಸೊಂಟವನ್ನೂ ನಾನು ಅಳೆಯಲಾರೆ.

ಗುಮ್ಮಟನಗರಿ ಆರ್‌ಸಿಬಿ

ಐದು ರನ್ ದಂಡ ಕಡಿಮೆಯಾಯಿತು, ಹತ್ತು ಮಾಡಿ. ಫೋನ್ ಯಾರ ಕೈಯಲ್ಲಿರುತ್ತದೆ? ಊರಿನ ಹುಡುಗನಾದರೆ ಯಾವುದೋ ಒಂದು ತಂಡದವನಾಗಿಯೇ ಇರುತ್ತಾನೆ. ಬೇಕಾದರೆ ಫೈನಲ್‌ಗೆ ವಿಜಯಪುರದಿಂದ ನಾನೇ ಬರುತ್ತೇನೆ, ಪವರ್ ಬ್ಯಾಂಕ್ ಸಮೇತ.

ಉದ್ಯಮಬಾಗ ಅಂಪೈರ್

ಬನ್ನಿ, ಬಸ್ ಚಾರ್ಜು ಸಮಿತಿಯದು. ಆದರೆ ಆರ್‌ಸಿಬಿ ಅಂಗಿ ಹಾಕಿಕೊಂಡು ಬರಬೇಡಿ. ನಮ್ಮ ಪೆಂಡಾಲಿನಲ್ಲಿ ಅರ್ಧ ಜನ ಮುಂಬೈ ಕಡೆಯವರು, ಮೊದಲ ರಿವ್ಯೂ ನಿಮ್ಮ ಮೇಲೆಯೇ ಕೇಳುತ್ತಾರೆ.